ನಲವತ್ತೊಂದು ಡಿಗ್ರಿ

ಹೋದ ವರ್ಷ ಡೇರೆ ಹರಿದು
ಮೂರು ರಾತ್ರಿ ಲಾರಿಯಡಿ ಮಲಗಿದ ಮೇಲೆ
ಅಸಾನ್‌ಕುಲ್ ಹೇಳಿದ: ಈ ಸಲ ಜೇನುಪೆಟ್ಟಿಗೆಗಳ ಜೊತೆ
ಮನೆಯನ್ನೂ ಹೇರಿಕೊಂಡು ಹೋಗೋಣ.
ತೊಕ್ತೊಗುಲ್ ಪೇಟೆಯಿಂದ, ಒಂದು ಮೈಗೆ ಬೆಳ್ಳಿಕಾಗದ ಅಂಟಿಸಿದ
ಫೋಮ್ ಹಲಗೆ ಹನ್ನೆರಡು ತಂದ.
ಹದಿಮೂರನೆಯದಕ್ಕೆ ದುಡ್ಡಿರಲಿಲ್ಲ.
ಉದ್ದ ಎರಡು ಮೀಟರ್ ನಲವತ್ತು, ಅಗಲ ಒಂದು ಇಪ್ಪತ್ತು.
"ಲೆಕ್ಕದ ಟೀಚರು ನೀನು," ಅಂದ, "ಮಾಡು."

ಗೋಡೆ ಸುಲಭ. ಆರು ಹಲಗೆ ಅಡ್ಡಲಾಗಿ ನಿಂತರೆ
ಆರು ಮೂಲೆಯ ದೊಡ್ಡಿ.
ಮಿಕ್ಕ ಆರರಲ್ಲಿ ಆಕಾಶ ಮುಚ್ಚಬೇಕು.

ಇಪ್ಪತ್ತೆರಡು ವರ್ಷ ಕರಿಹಲಗೆಯ ಮುಂದೆ ನಿಂತವಳು
ಚಹಾ ಪೊಟ್ಟಣದ ರಟ್ಟಿನಲ್ಲಿ
ಸಮಬಾಹು ತ್ರಿಕೋನ ಆರು ಕತ್ತರಿಸಿ ಅಂಟಿಸಿದೆ.
ರೊಟ್ಟಿಯ ಹಾಗೆ ಚಪ್ಪಟೆ ಮಲಗಿತು ಮಾಡು.
ಆರಾರಲೆ ಮೂವತ್ತಾರು, ಪಕ್ಕಕ್ಕೊಂದು ಸೊನ್ನೆ:
ಪ್ರತಿ ಸೆಪ್ಟೆಂಬರಿನಲ್ಲೂ ನಾನೇ ಹೇಳಿಕೊಟ್ಟ ಪಾಠ.
ತುಂಬಿದ ವೃತ್ತಕ್ಕೆ ಏಳುವ ಆಸೆ ಇರುವುದಿಲ್ಲ.

"ನಿನ್ನ ಜೇನನ್ನೇ ಕೇಳು ಹೋಗು," ಅಂದೆ ಸಿಟ್ಟಿನಲ್ಲಿ.
ನಿಜಕ್ಕೂ ಒಂದು ಹಳೆಯ ಎರಿ ತಂದು ದೀಪಕ್ಕೆ ಹಿಡಿದ.
ಒಂದೊಂದು ಕೋಣೆಯ ತಳದಲ್ಲೂ
ಮೂರು ವಜ್ರಾಕೃತಿಯ ಇಳಿಜಾರು, ಕೂದಲೆಳೆ ತಪ್ಪಿಲ್ಲ.
ಅವಕ್ಕೆ ಮೇಣ. ನಮಗೆ ಬಾಗದ ಹಲಗೆ.

ಅತ್ತೆ ಸೈರಾಕನ್ ಒಲೆಯ ಪಕ್ಕ ಉಣ್ಣೆ ಬಿಡಿಸುತ್ತಿದ್ದರು.
ಹುಡುಗಿಯಾಗಿದ್ದಾಗ ಎಂಟು ಯುರ್ಟ್ ಕಟ್ಟಿದವರು,
ವಿಲೋ ಕೋಲನ್ನು ಹಬೆಗೆ ಹಿಡಿದು, ಮೊಣಕಾಲಿಗೆ ಒತ್ತಿ,
ಗೇಣಿನಲ್ಲೇ ಎಲ್ಲ ಅಳೆದು.
ನನ್ನ ರಟ್ಟಿನ ರೊಟ್ಟಿಯನ್ನೆತ್ತಿ, ಅಂಚಿನಿಂದ ನಡುವಿನವರೆಗೆ
ಉಗುರಲ್ಲಿ ಸೀಳಿ, ತುದಿಯ ಮೇಲೆ ತುದಿ ಸರಿಸಿದರು.
ಅಷ್ಟೇ. ನಡು ಮೇಲೆದ್ದಿತು.
"ಒಂಚೂರು ಬಿಟ್ಟುಕೊಡಬೇಕು," ಅಂದು
ಮತ್ತೆ ಉಣ್ಣೆಗೆ ತಿರುಗಿದರು. ಉಪದೇಶವೇನೂ ಅಲ್ಲ.

ಆಮೇಲೆ ಕೈ ತಾನೇ ನಡೆಯಿತು.
ಮೂಲೆಯಿಂದ ಮೂಲೆಗೆ ಹಲಗೆ ಸೀಳು,
ಒಂದು ತುಂಡು ಮಗುಚು, ಉದ್ದದ ಅಂಚಿಗೆ ಅಂಚು ಸೇರಿಸು:
ಬುಡ ಎರಡು ನಲವತ್ತು, ಎತ್ತರವೂ ಎರಡು ನಲವತ್ತು,
ಚಕ್ಕೆ ಮಿಗಲಿಲ್ಲ.
ನಟ್ಟನಡುವಿನಿಂದ ಗೋಡೆಗೆ ಎರಡು ಮೀಟರ್ ಎಂಟು ಸೆಂಟಿಮೀಟರ್.
ವರ್ಗದಲ್ಲಿ ವರ್ಗ ಕಳೆದೆ:
ಐದು ದಶಾಂಶ ಏಳು ಆರರಲ್ಲಿ
ನಾಲ್ಕು ದಶಾಂಶ ಮೂರು ಎರಡು ಹೋಗಿ
ಒಂದು ದಶಾಂಶ ನಾಲ್ಕು ನಾಲ್ಕು.
ಅದರ ಮೂಲ ಒಂದು ಇಪ್ಪತ್ತು.
ಗೋಡೆ ಎಷ್ಟೋ ಮಾಡೂ ಅಷ್ಟೇ!
ಅಳೆದೂ ಸುರಿದೂ ಮೂರು ವಾರ ಸವೆಸಿದವಳಿಗೆ
ಶೇಷವಿಲ್ಲದ ಉತ್ತರ.
ನಡುರಾತ್ರಿ ಅವನನ್ನೆಬ್ಬಿಸಿ ತೋರಿಸಿದೆ.
"ಹ್ಞೂಂ," ಅಂದು ಮಗ್ಗುಲಾದ.
ಒಬ್ಬಳೇ ಕೂತು ತುದಿಯ ಕೋನಗಳನ್ನು ಕೂಡಿದೆ:
ಐವತ್ತಮೂರು ಚಿಲ್ಲರೆ, ಆರು ಸಲ.
ವೃತ್ತಕ್ಕೆ ನಲವತ್ತೊಂದು ಡಿಗ್ರಿ ಕಡಿಮೆ.
ಉಗುರಲ್ಲಿ ಅತ್ತೆ ಸೀಳಿದ್ದು ಅದನ್ನೇ.

ಜೂನ್. ಚಿಚ್ಕಾನ್ ಕಣಿವೆಯ ಮೇಲಿನ ಹುಲ್ಲುಗಾವಲು.
ಅಂಟುಪಟ್ಟಿ ಹಲ್ಲಲ್ಲಿ ಹರಿದು ಒಂದೊಂದೇ ಮುಖ ಎತ್ತಿದೆವು.
ಕುರಿಯವನು ನೂರ್‌ಗಾಜಿ ಕುದುರೆ ನಿಲ್ಲಿಸಿಕೊಂಡು ನಕ್ಕ:
ಅರ್ಧ ಬೆಳ್ಳಿ, ಅರ್ಧ ಹಳದಿ.
ಮಗುಚಿದ ತುಂಡುಗಳು ಒಳಮೈಯನ್ನು ಹೊರಗಿಟ್ಟಿದ್ದವು;
ಲೆಕ್ಕದಲ್ಲಿ ಬಣ್ಣ ಬಂದಿರಲಿಲ್ಲ.
ದಪ್ಪವೂ ಬಂದಿರಲಿಲ್ಲ. ಗೆರೆಗೆಲ್ಲಿಯ ದಪ್ಪ?
ಐದು ಸೆಂಟಿಮೀಟರ್ ದಪ್ಪದ ಆರು ಮೊನೆಗಳು
ಮೇಲೆ ಒಂದನ್ನೊಂದು ತಡೆದು ನಿಂತು
ಮುಷ್ಟಿಯಷ್ಟು ತೂತು ಬಿಟ್ಟವು.

ಅಸಾನ್‌ಕುಲ್ ಉಣ್ಣೆಗಂಬಳಿಯ ತುಂಡು ತುರುಕಿದ.
ರಾತ್ರಿ ಆಲಿಕಲ್ಲು, ಬಾಣಲೆಯಲ್ಲಿ ಜೋಳ ಸಿಡಿದ ಹಾಗೆ.
ಒಳಗೆ ಹನಿ ಬೀಳಲಿಲ್ಲ.
ಬೆಳಗ್ಗೆ ಕಣ್ಣು ಬಿಟ್ಟರೆ, ಅತ್ತೆ ನಡುವೆ ನಿಂತು
ಊರುಗೋಲಿನಿಂದ ಆ ತುಂಡನ್ನು ಹೊರಕ್ಕೆ ನೂಕುತ್ತಿದ್ದರು.
"ಮಳೆ ಬಂದರೆ?"
"ಬಂದಾಗ ಮುಚ್ಚು."

ಹೊರಗೆ ಪೆಟ್ಟಿಗೆಗಳು ಆಗಲೇ ಗುಂಯ್‌ಗುಡುತ್ತಿದ್ದವು.
ಒಂದು ಜೇನುನೊಣ ತೂತಿನಿಂದ ಇಳಿದು,
ಆರೂ ಇಳಿಜಾರನ್ನು ಒಂದು ಸುತ್ತು ನೋಡಿ,
ಎಲ್ಲೂ ಕೂರದೆ
ಬಂದ ದಾರಿಯಲ್ಲೇ ಹೊರಟುಹೋಯಿತು.